ಮುಗಿಯಿತು ಎನ್ನದ ಭೂತಕಾಲ

ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1643ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ ಐದು ವರ್ಷವೂ ತುಂಬಿರಲಿಲ್ಲ. 1715ರಲ್ಲಿ ಸಾಯುವ ತನಕ ಅವನೇ ರಾಜ. 'ಲೂಯಿ 72 ವರ್ಷ ಆಳಿದ' ಎಂದು ಫ್ರೆಂಚಿನಲ್ಲಿ ಬರೆಯುವವರು ಆ್ಯಂಪಾರ್ಫೆ ಎಂಬ ಭೂತಕಾಲದ ಹತ್ತಿರ ಸುಳಿಯುವುದಿಲ್ಲ. ಆದರೆ ಒಬ್ಬಾಕೆ ಮೆಟ್ಟಿಲಿಳಿಯುವಾಗ ಕಾಲು ಜಾರಿ, 'ಬೀಳುತ್ತಿದ್ದೆ, ಅಷ್ಟರಲ್ಲಿ ಕಂಬಿ ಕೈಗೆ ಸಿಕ್ಕಿತು' ಅಂದಳೆನ್ನಿ. ಆ 'ಬೀಳುತ್ತಿದ್ದೆ'ಗೆ ಆ್ಯಂಪಾರ್ಫೆಯೇ ಬೇಕು. ಮುಕ್ಕಾಲು ಶತಮಾನದ ಆಳ್ವಿಕೆಗೆ ಒದಗದ ಕಾಲರೂಪ ಕಣ್ಣು ಮಿಟುಕಿಸುವಷ್ಟು ಹೊತ್ತಿನ ತತ್ತರಿಕೆಗೆ ಒದಗಿಬರುತ್ತದೆ.

ಫ್ರೆಂಚ್ ವ್ಯಾಕರಣದಲ್ಲಿ ಯಾವ ನೆಪ ಸಿಕ್ಕಿದರೂ ನಾನು ಹೋಗಿ ಕೂರುವ ಜಾಗ ಇದು. ಗೈಡುಗಳಲ್ಲಿ 'ಬಹಳ ಕಾಲ ನಡೆದ ಕ್ರಿಯೆಗೆ ಆ್ಯಂಪಾರ್ಫೆ, ಥಟ್ಟನೆ ನಡೆದು ಮುಗಿದದ್ದಕ್ಕೆ ಪಾಸೆ ಕೊಂಪೊಸೆ ಎಂಬ ಇನ್ನೊಂದು ಭೂತಕಾಲ' ಎಂದು ಬರೆದಿರುತ್ತಾರೆ. ಲೂಯಿಯ ಒಂದು ವಾಕ್ಯ ಸಾಕು, ಈ ಸೂತ್ರ ಕುಸಿಯುವುದಕ್ಕೆ. ಕಾಲದ ಉದ್ದಕ್ಕೂ ಆ್ಯಂಪಾರ್ಫೆಗೂ ಸಂಬಂಧವಿಲ್ಲ. ಹೇಳುವವನು ಆ ಕಾಲದ ಹೊರಗೆ ನಿಂತು ಅದರ ಕೊನೆಯನ್ನು ಕಂಡು ಹೇಳುತ್ತಿದ್ದಾನೋ, ಒಳಗೆ ನಿಂತು ಕೊನೆಯ ಕಡೆ ಮುಖ ಮಾಡದೆ ಹೇಳುತ್ತಿದ್ದಾನೋ ಎಂಬುದಷ್ಟೇ ಪ್ರಶ್ನೆ. 72 ವರ್ಷ ಎಂದು ಎಣಿಸಿದೊಡನೆ ಎರಡೂ ತುದಿ ಕಂಡಂತಾಯಿತು, ಲೆಕ್ಕ ಚುಕ್ತಾ ಆಯಿತು. ಅದೇ ಲೂಯಿಯ ಬಗ್ಗೆಯೇ, 'ಮೋಲಿಯೇರ್ ನಾಟಕ ಬರೆಯುತ್ತಿದ್ದ ಕಾಲಕ್ಕೆ ಲೂಯಿ ಆಳುತ್ತಿದ್ದ' ಅನ್ನಿ. ಎರಡು ಕ್ರಿಯಾಪದವೂ ಆ್ಯಂಪಾರ್ಫೆಗೆ ತಿರುಗುತ್ತವೆ. ರಾಜ ಅವನೇ, ಸಿಂಹಾಸನ ಅದೇ. ನೋಡುವವನು ನಿಂತ ಜಾಗ ಮಾತ್ರ ಬೇರೆ.

ಕನ್ನಡ ಓದುಗರಿಗೆ ಇದನ್ನು ಇಷ್ಟು ವಿವರಿಸಬೇಕಾಗಿಯೇ ಇರಲಿಲ್ಲ. '72 ವರ್ಷ ಆಳುತ್ತಿದ್ದ' ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಕಿವಿಗೇ ಒಗ್ಗುವುದಿಲ್ಲ. 'ಆಳಿದ', 'ಆಳುತ್ತಿದ್ದ' ಇವೆರಡರಲ್ಲಿ ಯಾವುದನ್ನು ಎಲ್ಲಿ ಹಾಕಬೇಕೆಂದು ಮೂರನೆಯ ಕ್ಲಾಸಿನ ಮಗುವಿಗೂ ಗೊತ್ತು, ಯಾರೂ ಕಲಿಸದೆ ಗೊತ್ತು. ತೊಡಕು ಇರುವುದು ಫ್ರೆಂಚ್ ನಮಗೆ ಬರುವ ದಾರಿಯಲ್ಲಿ. ಕರ್ನಾಟಕದಲ್ಲಿ ಫ್ರೆಂಚ್ ಕಲಿಯುವ ಹುಡುಗರಲ್ಲಿ ಅನೇಕರು ಪಿಯುಸಿಯಲ್ಲಿ ಅಂಕ ಚೆನ್ನಾಗಿ ಬರುತ್ತದೆಂದು ಅದನ್ನು ಹಿಡಿದವರು. ಅದರಲ್ಲಿ ತಪ್ಪೇನೂ ಇಲ್ಲ, ಭಾಷೆಯ ಬಾಗಿಲು ಯಾವ ನೆಪದಿಂದ ತೆರೆದರೂ ಲಾಭವೇ. ಆದರೆ ಅವರ ಪಾಠ, ನೋಟ್ಸು, ಗೈಡು ಎಲ್ಲವೂ ಇಂಗ್ಲಿಷಿನ ಮೂಲಕ. ಇಂಗ್ಲಿಷಿನಲ್ಲಿ ಈ ಒಂದು ರೂಪಕ್ಕೆ ಮೂರು ಬಾಗಿಲು: 'ವಾಸ್ ಗೋಯಿಂಗ್', 'ಯೂಸ್ಡ್ ಟು ಗೋ', 'ವುಡ್ ಗೋ'. ಹುಡುಗರು ಮೂರನ್ನೂ ಉರುಹೊಡೆದು, ಮೂರನ್ನೂ ಒಂದೇ ಆ್ಯಂಪಾರ್ಫೆಗೆ ಜೋಡಿಸಲು ಹೆಣಗುತ್ತಾರೆ. ಮನೆಯಲ್ಲಿ ಅವರೇ 'ಅಜ್ಜ ದಿನಾ ಕೆರೆ ಕಡೆ ಹೋಗ್ತಿದ್ದ' ಅನ್ನುತ್ತಾರೆ, 'ನಾನು ನೋಡಿದಾಗ ಅಜ್ಜ ಕೆರೆ ಕಡೆ ಹೋಗ್ತಿದ್ದ' ಅನ್ನುತ್ತಾರೆ. ರೂಢಿಗೂ, ಆ ಗಳಿಗೆಯಲ್ಲಿ ನಡೆಯುತ್ತಿದ್ದುದಕ್ಕೂ ಒಂದೇ 'ಹೋಗ್ತಿದ್ದ'. ಫ್ರೆಂಚಿನವರೂ ಹಾಗೆಯೇ, ಎರಡಕ್ಕೂ 'ಇಲ್ ಆಲೆ' ಅನ್ನುತ್ತಾರೆ.

ಹೋಲಿಕೆ ಇಷ್ಟಕ್ಕೇ ನಿಂತಿದ್ದರೆ ಕಾಕತಾಳೀಯ ಎಂದು ಬಿಟ್ಟುಬಿಡಬಹುದಿತ್ತು. ರೂಪ ಕಟ್ಟುವ ಬಗೆಯನ್ನು ನೋಡಿ. ಆ್ಯಂಪಾರ್ಫೆ ಹುಟ್ಟುವುದು ವರ್ತಮಾನ ಕಾಲದಿಂದ. ವರ್ತಮಾನದ 'ನಾವು' ರೂಪವನ್ನು ತೆಗೆದುಕೊಂಡು, ಅದರ ಕೊನೆಯ 'ಓಂ' ಕತ್ತರಿಸಿ, ಉಳಿದ ಮೊಂಡಿಗೆ ಹೊಸ ಪ್ರತ್ಯಯ ಹಚ್ಚಬೇಕು. 'ನಾನು' ರೂಪದಿಂದ ಹೊರಟರೆ ದಾರಿ ತಪ್ಪುತ್ತದೆ. ಕುಡಿಯುವುದು ಎಂಬರ್ಥದ 'ಬ್ವಾರ್' ಧಾತುವಿಗೆ 'ನಾನು ಕುಡಿಯುತ್ತೇನೆ' ಅನ್ನುವುದು 'ಜ ಬ್ವಾ', 'ನಾವು ಕುಡಿಯುತ್ತೇವೆ' ಅನ್ನುವುದು 'ನೂ ಬ್ಯುವೋಂ'. ಆ್ಯಂಪಾರ್ಫೆ ಈ ಎರಡನೆಯದರಿಂದಲೇ ಬರಬೇಕು: 'ಜ ಬ್ಯುವೆ', ಕುಡಿಯುತ್ತಿದ್ದೆ. ಫ್ರೆಂಚ್ ಕ್ರಿಯಾಪದಗಳ ವಕ್ರತೆಗೆ ಹೆದರಿದವರಿಗೆ ಇಲ್ಲಿ ಒಂದು ಸಮಾಧಾನವಿದೆ. ಈ ನಿಯಮ ಮೀರುವ ಧಾತು ಇಡೀ ಭಾಷೆಯಲ್ಲಿ ಒಂದೇ ಒಂದು, 'ಇರು' ಎಂಬರ್ಥದ 'ಎತ್ರ್'. ಮಳೆ ಬರುವುದು, ಬೇಕಾಗುವುದು ಇಂಥ ಕೆಲವಕ್ಕೆ 'ನಾವು' ರೂಪವೇ ಇಲ್ಲದ ಕಾರಣ ಅವುಗಳ ರೂಪವನ್ನು ಬಿಡಿಯಾಗಿ ಕಲಿಯಬೇಕು, ಅಷ್ಟೆ. ತಮಾಷೆಯೆಂದರೆ, ಕಲಿಯುವವರು ಆಧಾರವಾಗಿ ಹಿಡಿಯುವ ಆ 'ನೂ' ರೂಪ ಈಗಿನ ಫ್ರೆಂಚರ ಆಡುಮಾತಿನಲ್ಲಿ ಬಹುಮಟ್ಟಿಗೆ ಮರೆಯಾಗಿದೆ. 'ನಾವು' ಅನ್ನಲು ಅವರು 'ಓಂ' ಎಂಬ ಬೇರೆಯೇ ಸರ್ವನಾಮ ಬಳಸುತ್ತಾರೆ. ಊರವರು ಬಿಟ್ಟುಹೋದ ಮನೆಯ ಅಡಿಪಾಯದ ಮೇಲೆ ನಮ್ಮ ಪಾಠ ನಡೆಯುತ್ತದೆ.

ನಮ್ಮ 'ಹೋಗುತ್ತಿದ್ದ' ಕೂಡ ವರ್ತಮಾನವನ್ನು ಒಳಗಿಟ್ಟುಕೊಂಡೇ ಹುಟ್ಟಿದ್ದು. 'ಹೋಗುತ್ತ' ಮತ್ತು 'ಇದ್ದ' ಸೇರಿ 'ಹೋಗುತ್ತಿದ್ದ'. ಶಾಲೆಯಲ್ಲಿ ವರ್ತಮಾನಕ್ಕೆ 'ಉತ್ತ', ಭೂತಕ್ಕೆ 'ದ' ಎಂದು ಬೇರೆ ಬೇರೆ ಸಾಲಿನಲ್ಲಿ ಬರೆಸುತ್ತಿದ್ದರು. ಇಲ್ಲಿ ಎರಡೂ ಒಂದೇ ಪದದಲ್ಲಿ ಒಕ್ಕಲಾಗಿವೆ. 1660ರಲ್ಲಿ ಪ್ಯಾರಿಸ್ಸಿನಲ್ಲಿ ಆರ್ನೋ ಮತ್ತು ಲಾಂಸ್‌ಲೋ ಎಂಬ ಇಬ್ಬರು ಪಂಡಿತರು ಪ್ರಕಟಿಸಿದ ಪೋರ್ ರುವಾಯಾಲ್ ವ್ಯಾಕರಣದಲ್ಲಿ ಆ್ಯಂಪಾರ್ಫೆಯ ವಿವರಣೆ ಇದೆ. ಹಿಂದೆ ನಡೆದ ಇನ್ನೊಂದು ಸಂಗತಿಯ ಮಗ್ಗುಲಲ್ಲಿ ವರ್ತಮಾನವಾಗಿದ್ದುದನ್ನು ಈ ಕಾಲ ಹೇಳುತ್ತದೆ ಎಂಬ ಅರ್ಥದ ಮಾತು. ಆ ಪಂಡಿತರಿಗೆ ಕನ್ನಡದ ಗಂಧವೂ ಇರಲಿಲ್ಲ. ಆದರೂ ಅವರು ವಿವರಿಸಿದ್ದು ನಮ್ಮ 'ಉತ್ತಿದ್ದ'ವನ್ನೇ ಎಂದು ನನಗೆ ಅನ್ನಿಸುತ್ತದೆ.

ಬಾಯಿಪಾಠ ಮಾಡುವವರಿಗೆ ಆ್ಯಂಪಾರ್ಫೆ ಸುಲಭ, ಬರೆಯುವವರಿಗೆ ಕಷ್ಟ. ಮಾತಾಡುವುದು ಎಂಬ ಧಾತುವನ್ನೇ ತೆಗೆದುಕೊಳ್ಳಿ. ನಾನು ಮಾತಾಡುತ್ತಿದ್ದೆ, ನೀನು ಮಾತಾಡುತ್ತಿದ್ದೆ, ಅವನು ಮಾತಾಡುತ್ತಿದ್ದ, ಅವರು ಮಾತಾಡುತ್ತಿದ್ದರು: ನಾಲ್ಕಕ್ಕೂ ಬಾಯಲ್ಲಿ ಬರುವುದು ಒಂದೇ 'ಪಾರ್ಲೆ'. (ಬಿಸ್ಕತ್ತಿನ ಹೆಸರು ನೆನಪಾಗಿ ಕ್ಲಾಸಿನಲ್ಲಿ ಹುಡುಗರು ನಗುವುದು ಇಲ್ಲಿಯೇ.) ಕಾಗದದ ಮೇಲೆ ಮಾತ್ರ ಮೂರು ಬಗೆಯ ಬಾಲ. ನಾನು, ನೀನು ಎಂಬಲ್ಲಿ ಕೊನೆಗೆ 'ಎಸ್', ಅವನು ಎಂಬಲ್ಲಿ 'ಟಿ', ಅವರು ಎಂಬಲ್ಲಿ 'ಇ ಎನ್ ಟಿ' ಎಂಬ ಮೂರಕ್ಷರ, ಒಂದಕ್ಕೂ ಉಚ್ಚಾರವಿಲ್ಲ. ಉಕ್ತಲೇಖನ ಬರೆಸುವಾಗ ಫ್ರಾನ್ಸಿನ ಮಕ್ಕಳೂ ಎಡವುವುದು ಇಲ್ಲೇ. 'ಪಾರ್ಲೆ' ಎಂದು ಕಿವಿಗೆ ಬಿದ್ದದ್ದು 'ಮಾತಾಡುತ್ತಿದ್ದ' ಎಂಬುದೋ, 'ಮಾತಾಡಿದ'ದ ಕೃದಂತವೋ, 'ಮಾತಾಡುವುದು' ಎಂಬ ಮೂಲರೂಪವೋ? ದಕ್ಷಿಣ ಫ್ರಾನ್ಸಿನ ಅನೇಕರ ಬಾಯಲ್ಲಿ ಮೂರಕ್ಕೂ ಒಂದೇ ಸದ್ದು. ಅಲ್ಲಿನ ಮೇಷ್ಟ್ರುಗಳು ಇದಕ್ಕೆ ಒಂದು ಉಪಾಯ ಹೇಳಿಕೊಡುತ್ತಾರೆ. ಆ ಜಾಗದಲ್ಲಿ ಮಾರುವುದು ಎಂಬರ್ಥದ 'ವಾಂದ್ರ್' ಇಟ್ಟು ನೋಡು, ಅಲ್ಲಿ ಮೂರೂ ಬೇರೆ ಬೇರೆ ಕೇಳಿಸುತ್ತವೆ, ಯಾವುದು ಸರಿಹೊಂದುತ್ತದೋ ಆ ಬಾಲ ಬರೆ.

ನನಗೆ ಇನ್ನೂ ಇಷ್ಟವಾದದ್ದು 'ಓದುವುದು, ಅಭ್ಯಾಸ ಮಾಡುವುದು' ಎಂಬರ್ಥದ 'ಎತ್ಯುದಿಯೆ'ಯ ಪರದಾಟ. ಅದರ ಮೊಂಡಿ ಮುಗಿಯುವುದೇ 'ಐ' ಅಕ್ಷರದಿಂದ. 'ನಾವು' ರೂಪದ ಪ್ರತ್ಯಯ ಶುರುವಾಗುವುದೂ 'ಐ'ಯಿಂದ. ಹಾಗಾಗಿ 'ನಾವು ಓದುತ್ತಿದ್ದೆವು' ಎಂದು ಬರೆಯಲು ಎರಡು 'ಐ'ಗಳನ್ನು ಅಕ್ಕಪಕ್ಕ ನಿಲ್ಲಿಸಬೇಕು. ನೋಡಿದವರಿಗೆ ಅಚ್ಚಿನ ತಪ್ಪೆನಿಸುತ್ತದೆ. ಒಂದನ್ನು ಅಳಿಸಿಬಿಟ್ಟರೆ 'ನಾವು ಓದುತ್ತೇವೆ' ಎಂದಾಗುತ್ತದೆ. ಒಂದು ಸಣ್ಣ ಗೀರು, ಅದರ ಮೇಲೊಂದು ಚುಕ್ಕೆ. ಅಂದಿಗೂ ಇಂದಿಗೂ ನಡುವೆ ಬರವಣಿಗೆಯಲ್ಲಿ ಉಳಿದಿರುವುದು ಅಷ್ಟೇ ಅಂತರ.

'ಪಾರ್ಲೆ'ಯಲ್ಲಿ ಕೇಳಿಸುವ, ಈಗ 'ಎ ಐ' ಎಂದು ಬರೆಯುವ ಪ್ರತ್ಯಯವನ್ನು ಹಿಂದೆ 'ಓ ಐ' ಎಂದು ಬರೆಯುತ್ತಿದ್ದರು. ಉಚ್ಚಾರ 'ವೆ'ಯಿಂದ 'ಎ'ಗೆ ಎಂದೋ ಸರಿದುಹೋಗಿದ್ದರೂ ಬರಹ ಕದಲಲಿಲ್ಲ. ಬಾಯಿ ಆಡುವುದನ್ನೇ ಕೈ ಬರೆಯಲಿ ಎಂದು ವೊಲ್ತೇರ್ ಹಟ ಹಿಡಿದು ತನ್ನ ಬರಹದಲ್ಲಿ 'ಎ ಐ' ಬಳಸತೊಡಗಿದ. ಅವನಿಗಿಂತ ಮೊದಲೂ ಕೇಳಿದವರಿದ್ದರು. ಫ್ರೆಂಚ್ ಅಕಾಡೆಮಿ ಒಪ್ಪಿಕೊಂಡದ್ದು ತನ್ನ ನಿಘಂಟಿನ ಆರನೆಯ ಆವೃತ್ತಿಯಲ್ಲಿ, 1835ರಲ್ಲಿ. ಅಷ್ಟು ಹೊತ್ತಿಗೆ ವೊಲ್ತೇರ್ ಸತ್ತು 57 ವರ್ಷವಾಗಿತ್ತು. ಆ ಮೊದಲೇ ಫ್ರೆಂಚಿನಿಂದ ಸಾಲ ತಂದ ಇಂಗ್ಲಿಷ್ ಮಾತ್ರ ಹಳೆಯದನ್ನೇ ಕಾಪಾಡಿಕೊಂಡಿದೆ. ರಸಜ್ಞ ಎಂಬರ್ಥದ 'ಕಾನಸರ್' ಪದದ ನಡುವೆ ಇವತ್ತಿಗೂ ಆ 'ಓ ಐ' ಕೂತಿದೆ. ಫ್ರೆಂಚರು ಅದನ್ನು ಬಿಟ್ಟು ಎರಡು ಶತಮಾನ ಆಗುತ್ತ ಬಂತು. ಕಾಗುಣಿತವನ್ನು ಉಚ್ಚಾರಕ್ಕೆ ತಕ್ಕಂತೆ ತಿದ್ದಬೇಕೋ ಬೇಡವೋ ಎಂದು ನಮ್ಮಲ್ಲಿ ಮಹಾಪ್ರಾಣಗಳ ಸುತ್ತ ಎದ್ದ ಜಗಳ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಿಸದು.

ಇನ್ನು ಬಳಕೆಗೆ ಬರೋಣ. ಫ್ರಾನ್ಸಿನ ಸಂತೆಯಲ್ಲಿ ತರಕಾರಿಯವನು, ಚೀಸ್ ಮಾರುವವಳು, ಮುಂದೆ ಬಂದು ನಿಂತ ಗಿರಾಕಿಯನ್ನು ಕೇಳುವ ಪ್ರಶ್ನೆ ಒಂದಿದೆ: 'ಕೆಸ್ ಕಿಲ್ ವೂ ಫಾಲೆ?' ಇದು ಆ್ಯಂಪಾರ್ಫೆ. ವ್ಯಾಕರಣದ ಪುಸ್ತಕಗಳು ಇದಕ್ಕೆ ಸಂತೆಯ ಹೆಸರನ್ನೇ ಕೊಟ್ಟು ಒಂದು ವಿಶೇಷ ಬಳಕೆಯೆಂದು ಪ್ರತ್ಯೇಕವಾಗಿ ಪಟ್ಟಿ ಮಾಡುತ್ತವೆ. ಗಿರಾಕಿ ಈಗ ಎದುರಿಗೇ ಇದ್ದಾನೆ, ಬೇಕಾಗಿರುವುದೂ ಈಗಲೇ, ಹಾಗಿದ್ದರೂ ಭೂತಕಾಲ ಯಾಕೆ ಎಂದು ಅಚ್ಚರಿಪಡುತ್ತವೆ. ಇಂಗ್ಲಿಷಿನಲ್ಲಿ ಕಲಿಯುವವರಿಗೆ ಅಚ್ಚರಿಯಾಗುವುದು ನ್ಯಾಯವೇ. ಆದರೆ ಚಿಕ್ಕಪೇಟೆಯ ಸೀರೆ ಅಂಗಡಿಗೆ ಕಾಲಿಟ್ಟರೆ ಕೇಳುವ ಮೊದಲ ಮಾತು 'ಏನ್ ಬೇಕಿತ್ತಮ್ಮಾ?' ಮೆಡಿಕಲ್ ಸ್ಟೋರಿನಲ್ಲಿ 'ಏನ್ ಬೇಕಿತ್ತು ಸರ್?' ಬಾಗಿಲು ಬಡಿದವರಿಗೆ 'ಯಾರು ಬೇಕಿತ್ತು?' ಬೇಕಾಗಿದ್ದು ಮುಗಿದುಹೋಗಿದೆ ಎಂದು ನಾವು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ.

ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತವರು 'ಒಂದು ಸಹಿ ಬೇಕಿತ್ತು ಸರ್' ಅನ್ನುತ್ತಾರೆ. 'ಸ್ವಲ್ಪ ಮಾತಾಡಬೇಕಿತ್ತು', 'ಒಂದು ವಿಷಯ ಕೇಳೋಣ ಅಂತಿದ್ದೆ'. 'ಸಹಿ ಬೇಕು' ಅಂದರೆ ಎದುರಿನವರ ಮೇಜಿನ ಮೇಲೆ ಕೈ ಊರಿದಂತಾಗುತ್ತದೆ. 'ಬೇಕಿತ್ತು' ಅಂದಾಗ ಬೇಡಿಕೆ ಅರ್ಧ ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ. ಒಲ್ಲೆ ಎನ್ನಲು ಅವರಿಗೂ ಜಾಗ ಸಿಗುತ್ತದೆ, ಒಲ್ಲೆ ಎನಿಸಿಕೊಂಡರೆ ನಮಗೂ ಮುಖಭಂಗ ಅಷ್ಟಿರುವುದಿಲ್ಲ. ಫ್ರೆಂಚಿನ 'ಜ ವೂಲೆ ವೂ ದಮಾಂದೆ', 'ತಮ್ಮನ್ನು ಕೇಳಬೇಕೆಂದಿದ್ದೆ', ಮಾಡುವುದೂ ಇದನ್ನೇ. ಆ್ಯಂಪಾರ್ಫೆಗೆ ಈ ವಿನಯ ಸಾಧ್ಯವಾಗಿರುವುದು ಅದು ಎಲ್ಲಿಯೂ 'ಮುಗಿಯಿತು' ಅನ್ನದ ಕಾರಣದಿಂದ. ಬೇಕಾಗಿತ್ತು ಎಂದರೆ ಈಗಲೂ ಬೇಕಾಗಿರಬಹುದು, ಬೇಡದೆಯೂ ಹೋಗಿರಬಹುದು. ಬಾಗಿಲು ಓರೆಯಾಗಿಯೇ ಇರುತ್ತದೆ. ಇದೇ ಮಾತನ್ನು ಪಾಸೆ ಕೊಂಪೊಸೆಯಲ್ಲಿ ಹೇಳಿದರೆ 'ಕೇಳಬೇಕೆಂದು ಮನಸ್ಸು ಮಾಡಿದೆ, ಅದು ಮುಗಿದ ಕಥೆ' ಎಂಬ ಧ್ವನಿ ಬಂದು ವಿನಯ ಕೆಟ್ಟುಹೋಗುತ್ತದೆ.

ಕೂಸನ್ನೋ ಮನೆಯ ನಾಯಿಯನ್ನೋ ಮುದ್ದು ಮಾಡುವಾಗಲೂ ಫ್ರೆಂಚರು ಈ ಕಾಲಕ್ಕೆ ಜಾರುತ್ತಾರೆ. 'ಹಸಿವಾಗಿತ್ತಾ ನಮ್ಮ ಪುಟ್ಟನಿಗೆ?' ಎಂಬ ನಮ್ಮ ಧಾಟಿಯೇ ಅದು. ಮಕ್ಕಳು ಆಟ ಶುರುಮಾಡುವ ಮುಂಚೆ ಪಾತ್ರ ಹಂಚಿಕೊಳ್ಳುವಾಗ 'ನೀನು ಪೊಲೀಸ್ ಆಗಿದ್ದೆ, ನಾನು ಕಳ್ಳ ಆಗಿದ್ದೆ' ಎಂದು ಆ್ಯಂಪಾರ್ಫೆಯಲ್ಲಿ ಗೊತ್ತುಮಾಡಿಕೊಳ್ಳುವುದುಂಟು. ಇನ್ನೂ ಆಡದ ಆಟಕ್ಕೆ ಭೂತಕಾಲ! ನಮ್ಮ ಮಕ್ಕಳು ಆ ಕೆಲಸಕ್ಕೆ 'ನೀನು ಪೊಲೀಸಂತೆ, ನಾನು ಕಳ್ಳ ಅಂತೆ' ಎಂದು 'ಅಂತೆ' ತಂದುಕೊಳ್ಳುತ್ತಾರೆ. ಕಥೆಗೆ ಬಂದರೆ ಇಬ್ಬರೂ ಮತ್ತೆ ಜೊತೆಗೂಡುತ್ತಾರೆ. ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆಗಳಿಂದ ಹಿಡಿದು ಇವತ್ತಿನವರೆಗೆ ಫ್ರೆಂಚ್ ಅಜ್ಜಿಕಥೆ ತೆರೆದುಕೊಳ್ಳುವುದು 'ಇಲೆತೆ ಯೂನ್ ಫ್ವಾ' ಎಂಬ ಆ್ಯಂಪಾರ್ಫೆಯಿಂದ. ಒಂದೂರು, ಊರಿಗೊಬ್ಬ ರಾಜ, ರಾಜನಿಗೆ ಮಕ್ಕಳಿರಲಿಲ್ಲ, ದಿನವೂ ಕೊರಗುತ್ತಿದ್ದ. ಆಮೇಲೆ 'ಒಂದು ದಿನ' ಎಂಬ ಮಾತು ಬರುತ್ತದೆ, ಕಾಲ ಬದಲಾಗುತ್ತದೆ, ಕಥೆ ಕಾಲು ಕೀಳುತ್ತದೆ.

ಆಗದೇ ಹೋದದ್ದನ್ನು ಹೇಳುವಲ್ಲಿ ಎರಡು ಭಾಷೆಗಳ ನಂಟು ಇನ್ನೂ ಗಾಢ. 'ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬೀಳುತ್ತಿದ್ದೆ' ಎಂದು ನಾವು ಅನ್ನುವಂತೆಯೇ ಫ್ರೆಂಚರು 'ಇನ್ನೊಂದು ಹೆಜ್ಜೆ, ಬೀಳುತ್ತಿದ್ದೆ' ಅನ್ನುತ್ತಾರೆ, ಆ್ಯಂಪಾರ್ಫೆಯಲ್ಲಿ. ಬಿದ್ದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. 'ನಾನು ಹಕ್ಕಿಯಾಗಿದ್ದರೆ' ಎಂಬಂಥ ಕನಸಿಗೆ 'ಸಿ' ಎಂಬ ಅವ್ಯಯದ ಮುಂದೆ ಆ್ಯಂಪಾರ್ಫೆ ಬರಬೇಕು. 'ಸಿನಿಮಾಗೆ ಹೋದರೆ ಹೇಗೆ?' ಎಂದು ಗೆಳೆಯರನ್ನು ಎಬ್ಬಿಸುವುದಕ್ಕೂ ಅದೇ: 'ಸಿ ಓನ್ ಆಲೆ ಓ ಸಿನೆಮಾ?' ನಮ್ಮ 'ಹೋದರೆ'ಯ ಒಳಗೂ 'ಹೋದ' ಎಂಬ ಭೂತಕಾಲವೇ ಕೂತಿದೆ. ಕಣ್ಣೆದುರಿನ ವಾಸ್ತವದಿಂದ ಒಂದಿಷ್ಟು ಆಚೆ ಹೋಗಬೇಕಾದಾಗಲೆಲ್ಲ, ವಿನಯಕ್ಕಾಗಲಿ ಕನಸಿಗಾಗಲಿ, ಎರಡೂ ಭಾಷೆಗಳು ಹಿಂದಿನ ಕಾಲದ ಕಡೆಗೇ ಕೈ ಚಾಚುತ್ತವೆ.

ಈ ಸಾಧಾರಣ ಕ್ರಿಯಾರೂಪ ಒಮ್ಮೆ ಕೋರ್ಟಿನವರೆಗೂ ಹೋಗಿಬಂತು ಎಂದರೆ ಉತ್ಪ್ರೇಕ್ಷೆಯಲ್ಲ. ಗುಸ್ತಾವ್ ಫ್ಲೊಬೇರನ 'ಮದಾಮ್ ಬೊವಾರಿ' ಕಾದಂಬರಿಯ ಮೇಲೆ 1857ರ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ವಿಚಾರಣೆ ನಡೆಯಿತು. ನೀತಿಗೆಟ್ಟ ಪುಸ್ತಕ ಎಂಬುದು ಸರ್ಕಾರಿ ವಕೀಲ ಎರ್ನೆಸ್ತ್ ಪಿನಾರನ ಆರೋಪ. ಫ್ಲೊಬೇರನ ಒಂದು ವರಸೆಯೆಂದರೆ, ಪಾತ್ರದ ಮನಸ್ಸಿನೊಳಗಿನ ಮಾತನ್ನು 'ಎಂದುಕೊಂಡಳು' ಎಂಬ ಬಾಲವಿಲ್ಲದೆ ನೇರ ಆ್ಯಂಪಾರ್ಫೆಯಲ್ಲಿ ಹೇಳಿಬಿಡುವುದು. 'ಇಷ್ಟು ದಿನ ಅವಳು ಬದುಕಿದ್ದಾದರೂ ಯಾಕೆ? ಅವಳಿಗೂ ಒಂದು ಸುಖ ಅನ್ನುವುದು ಇರಬೇಡವೇ?' ಎಂಬಂಥ ಮಾತು (ಇದು ನನ್ನದು, ಫ್ಲೊಬೇರನದಲ್ಲ) ಕಥೆಯ ನಡುವೆ ಬಂದರೆ, ಹೇಳುತ್ತಿರುವವರು ಯಾರು? ಅವಳೋ, ಲೇಖಕನೋ? ಆ್ಯಂಪಾರ್ಫೆ ಇಬ್ಬರಿಗೂ ಸಲ್ಲುತ್ತದೆ. ಕಾದಂಬರಿಯ ನಾಯಕಿ ಎಮ್ಮಾಳ ಸಂಭ್ರಮ ಪಿನಾರನ ಕಿವಿಗೆ ವ್ಯಭಿಚಾರದ ಹೊಗಳಿಕೆಯಾಗಿ ಬಿತ್ತು. ಫೆಬ್ರವರಿ 7ರಂದು ಫ್ಲೊಬೇರ್ ಖುಲಾಸೆಯಾದ. ಪಿನಾರನನ್ನು ಬರೀ ಪೆದ್ದ ಎಂದು ನಗೆಯಾಡುವುದು ಸರಿಯಲ್ಲ. ಇದು ಹೇಳಿದವರ ಹೊಣೆಯನ್ನು ಮಸುಕು ಮಾಡುವ ವ್ಯಾಕರಣ. ಅವನಿಗೆ ಅದು ಕಸಿವಿಸಿ ಮಾಡಿದ್ದರಲ್ಲಿ ಅರ್ಥವಿದೆ.

ಆ ವ್ಯಾಕರಣವನ್ನು ಕಣ್ತುಂಬ ನೋಡಿ ಮೆಚ್ಚಿದವನು ಮಾರ್ಸೆಲ್ ಪ್ರೂಸ್ತ್. 1920ರಲ್ಲಿ 'ನೂವೆಲ್ ರೆವ್ಯೂ ಫ್ರಾಂಸೇಸ್' ಪತ್ರಿಕೆಯಲ್ಲಿ ಫ್ಲೊಬೇರನ ಶೈಲಿಯ ಬಗ್ಗೆ ಅವನೊಂದು ಲೇಖನ ಬರೆದ. ಫ್ಲೊಬೇರ್ ಕ್ರಿಯಾಪದದ ಕಾಲಗಳನ್ನೂ ಸರ್ವನಾಮಗಳನ್ನೂ ಬಳಸಿದ ಬಗೆಯಿಂದ ಲೋಕವನ್ನು ನೋಡುವ ನಮ್ಮ ರೀತಿಯೇ ಬದಲಾಯಿತೆಂದು ವಾದಿಸಿ, ಅವನನ್ನು ತತ್ತ್ವಜ್ಞಾನಿ ಕಾಂಟನ ಸಾಲಿಗೆ ತಂದು ನಿಲ್ಲಿಸಿದ. ಅದೇ ಲೇಖನದಲ್ಲಿ ಪ್ರೂಸ್ತ್ ಅತ್ಯಂತ ಸುಂದರವೆಂದು ಹೆಸರಿಸಿದ್ದು, ಸೋಜಿಗದ ಮಾತೆಂದರೆ, ಒಂದು ಖಾಲಿ ಜಾಗವನ್ನು. ಫ್ಲೊಬೇರನ 1869ರ 'ಎದ್ಯುಕಾಸಿಯೋಂ ಸಾಂತಿಮಾಂತಾಲ್' ಕಾದಂಬರಿಯ ಕೊನೆಯ ಭಾಗದಲ್ಲಿ, ದಂಗೆಯ ಬೀದಿಯಲ್ಲಿ ನಡೆದ ಒಂದು ಕೊಲೆಯ ನಂತರ ಪುಟದಲ್ಲಿ ಬಿಳಿ ಜಾಗ ಬರುತ್ತದೆ. ಅದು ಮುಗಿದ ಮೇಲೆ ನಾಯಕನ ಹದಿನೈದು ವರ್ಷಗಳಷ್ಟು ಬದುಕು ತುಂಡು ತುಂಡು ವಾಕ್ಯಗಳಲ್ಲಿ, ಮುಗಿದದ್ದನ್ನು ಮುಗಿಯಿತೆಂದೇ ಹೇಳುವ ಪಾಸೆ ಸ್ಯಾಂಪ್ಲ್ ಎಂಬ ಗ್ರಾಂಥಿಕ ಭೂತಕಾಲದಲ್ಲಿ ಕಳೆದುಹೋಗುತ್ತದೆ. ಅಷ್ಟು ಹೊತ್ತು ಒಂದೊಂದು ಸಂಜೆಯನ್ನೂ ಆ್ಯಂಪಾರ್ಫೆಯಲ್ಲಿ ನಿಧಾನ ಸವಿಸಿದ ಲೇಖಕ ವರ್ಷಗಳನ್ನು ಲೂಯಿಯ 72ರ ಹಾಗೆ ಲೆಕ್ಕಕ್ಕೆ ಬರೆದು ಮುಚ್ಚಿಬಿಡುತ್ತಾನೆ.

ಪ್ರೂಸ್ತನ ಕಾದಂಬರಿಯಲ್ಲಂತೂ ಆ್ಯಂಪಾರ್ಫೆ ಗಾಳಿಯಂತೆ ಎಲ್ಲೆಡೆ ಇದೆ. ಕೊಂಬ್ರೆ ಊರಿನ ಶನಿವಾರಗಳನ್ನೇ ನೋಡಿ. ಮನೆಯ ಅಡುಗೆಯವಳು ಫ್ರಾಂಸುವಾಸ್ ಶನಿವಾರ ಮಧ್ಯಾಹ್ನ ಪಕ್ಕದೂರಿನ ಸಂತೆಗೆ ಹೋಗುತ್ತಿದ್ದ ಕಾರಣ ಆ ದಿನ ಊಟ ಒಂದು ಗಂಟೆ ಮುಂಚೆ. ಇದು ಗೊತ್ತಿಲ್ಲದೆ ಬಂದ ಒಬ್ಬ ಅತಿಥಿ, ಇಷ್ಟು ಬೇಗ ಊಟವೇ ಎಂದು ಬೆರಗಾದದ್ದು ಮನೆಮಂದಿಗೆಲ್ಲ ಶಾಶ್ವತ ತಮಾಷೆ. ಪ್ರತಿ ವಾರ ಅದನ್ನು ಹೇಳುತ್ತಿದ್ದರು, ಪ್ರತಿ ವಾರ ನಗುತ್ತಿದ್ದರು. ಹಲವು ಸಲ ನಡೆದದ್ದನ್ನು ಒಂದೇ ಸಲ ಹೇಳುವ ಈ ಬಗೆಯನ್ನು ವಿಮರ್ಶಕ ಜೆರಾರ್ ಜೆನೆತ್ 1972ರಲ್ಲಿ ಬಿಡಿಸಿ ತೋರಿಸಿದ. ಅವನು ಗಮನಿಸಿದ ಇನ್ನೊಂದು ಸಂಗತಿ ಸ್ವಾರಸ್ಯದ್ದು. ಪ್ರೂಸ್ತ್ ಕೆಲವೆಡೆ ಎಷ್ಟು ವಿವರವಾದ ಸಂಭಾಷಣೆಯನ್ನು ಆ್ಯಂಪಾರ್ಫೆಯಲ್ಲಿ ಇಡುತ್ತಾನೆಂದರೆ, ಅದು ಪ್ರತಿ ವಾರ ಅಕ್ಷರಕ್ಷರ ಹಾಗೇ ನಡೆದಿರಲು ಸಾಧ್ಯವೇ ಇಲ್ಲ. ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? 'ಅಪ್ಪ ಹಬ್ಬದ ದಿನ ಎಲೆಯ ಮುಂದೆ ಕೂತು ಹೀಗೆ ಹೇಳ್ತಿದ್ರು' ಎಂದು ನಾವು ನೆನೆಯುವ ಮಾತನ್ನು ಅವರು ಬಹುಶಃ ಎರಡು ಸಲ ಹೇಳಿರಬಹುದು. 'ಹೇಳ್ತಿದ್ರು' ಅದನ್ನು ಎಲ್ಲ ಹಬ್ಬಗಳಿಗೂ ಹಂಚಿಬಿಟ್ಟಿದೆ.

ಒಬ್ಬರು ತೀರಿಕೊಂಡಾಗ ಮೊದಲು ಬದಲಾಗುವುದು ಅವರ ಕ್ರಿಯಾಪದಗಳು. ಸತ್ತದ್ದನ್ನು ಹೇಳುವ ವಾಕ್ಯ ಪಾಸೆ ಕೊಂಪೊಸೆಯಲ್ಲಿ ಒಮ್ಮೆ ಬಂದುಹೋಗುತ್ತದೆ. ಆಮೇಲೆ ಉಳಿದದ್ದೆಲ್ಲ ಆ್ಯಂಪಾರ್ಫೆ. ಅವಳು ಹೂ ಬೆಳೆಸುತ್ತಿದ್ದಳು, ಕಡಿಮೆ ಮಾತಾಡುತ್ತಿದ್ದಳು, ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಿದ್ದಳು. ಇಲ್ಲಿ ಯಾರೂ 'ಬೆಳೆಸಿದಳು, ಕುಡಿದಳು' ಎಂದು ಲೆಕ್ಕ ಮುಗಿಸುವುದಿಲ್ಲ. ಈ ಕಾಲರೂಪದ ಕೆಲವು ಬಳಕೆಗಳು ತನ್ನಲ್ಲಿ ಕಾರಣ ತಿಳಿಯದ ದುಃಖ ಹುಟ್ಟಿಸುತ್ತವೆ ಎಂದು ಪ್ರೂಸ್ತ್ ಓದಿನ ಕುರಿತ ತನ್ನ 1905ರ ಪ್ರಬಂಧದಲ್ಲಿ ಹೇಳಿಕೊಂಡಿದ್ದಾನೆ. ನನಗೆ ದುಃಖಕ್ಕಿಂತ ಸಮಾಧಾನವೇ ಹೆಚ್ಚು ಕಾಣಿಸುತ್ತದೆ. ಕುಡಿಯುತ್ತಿದ್ದಳು ಅನ್ನುವಷ್ಟು ಹೊತ್ತು ಲೋಟ ಅವಳ ಕೈಯಲ್ಲೇ ಇರುತ್ತದೆ.

ಇಷ್ಟೆಲ್ಲ ಹೊಂದಿಕೆ ಹೇಳಿದ ಮೇಲೆ ಹೊಂದದ ಕಡೆಗಳನ್ನೂ ಹೇಳಬೇಕು. ಫ್ರೆಂಚ್ ಪತ್ರಕರ್ತರು ಒಂದೇ ಸಲ ನಡೆದು ಮುಗಿದದ್ದಕ್ಕೂ ಆ್ಯಂಪಾರ್ಫೆ ಹಾಕುವುದುಂಟು. 1998ರ ಜುಲೈ 12ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ 27ನೇ ನಿಮಿಷದಲ್ಲಿ ಜಿದಾನ್ ತಲೆಯಿಂದ ಗೋಲು ಹೊಡೆದದ್ದನ್ನು 'ಹೊಡೆಯುತ್ತಿದ್ದ' ಎಂದು ಬರೆದರೆ ಅಲ್ಲಿನ ಓದುಗರಿಗೆ ಚೆಂಡು ಬಲೆಗೆ ಹೋಗುತ್ತಿರುವ ಗಳಿಗೆ ಕಣ್ಣೆದುರು ನಿಂತಂತಾಗುತ್ತದೆ. '1821ರ ಮೇ 5ರಂದು ಸೇಂಟ್ ಹೆಲೆನಾ ದ್ವೀಪದಲ್ಲಿ ನೆಪೋಲಿಯನ್ ಸಾಯುತ್ತಿದ್ದ' ಎಂಬುದೂ ಅಲ್ಲಿ ಗಂಭೀರ ವಾಕ್ಯ. ಕನ್ನಡದಲ್ಲಿ ಹಾಗೆ ಬರೆದು ನೋಡಿ, 'ಹಾಗಾದರೆ ಬದುಕಿಕೊಂಡನೇ?' ಎಂದು ಕೇಳುತ್ತಾರೆ.

ಎರಡನೆಯದು, 'ಅಂದ'. ನಾವು 'ಹುಷಾರಿಲ್ಲ ಅಂದ' ಅನ್ನುತ್ತೇವೆ. ಅವನು ಆಡಿದ ಮಾತು ಆಡಿದ ಹಾಗೇ, ವರ್ತಮಾನದಲ್ಲೇ ಉಳಿಯುತ್ತದೆ. ಫ್ರೆಂಚರು ಅದನ್ನು ಹಿಂದಕ್ಕೆ ಎಳೆದು 'ಹುಷಾರಿರಲಿಲ್ಲ ಎಂದು ಹೇಳಿದ' ಎಂದು ಆ್ಯಂಪಾರ್ಫೆಗೆ ತರಬೇಕು. ಕನ್ನಡದ ಹುಡುಗರು ಹೆಚ್ಚು ಅಂಕ ಕಳೆದುಕೊಳ್ಳುವುದು ಇಲ್ಲೇ ಇರಬೇಕು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ. 'ಇರು' ಧಾತು ನಮ್ಮಲ್ಲಿ 'ಇರುತ್ತಿದ್ದ' ಎಂದು ಸುಲಭಕ್ಕೆ ಆಗುವುದಿಲ್ಲ, 'ಇದ್ದ' ಎಂಬುದೇ ಎರಡೂ ಕೆಲಸ ಮಾಡುತ್ತದೆ. 'ಆಗ ನಾನು ಪ್ಯಾರಿಸ್ಸಿನಲ್ಲಿದ್ದೆ', 'ಹತ್ತು ವರ್ಷ ಪ್ಯಾರಿಸ್ಸಿನಲ್ಲಿದ್ದೆ': ನಮಗೆ ಎರಡೂ ಒಂದೇ 'ಇದ್ದೆ'. ಫ್ರೆಂಚಿನಲ್ಲಿ ಮೊದಲನೆಯದು ಆ್ಯಂಪಾರ್ಫೆ, ಎರಡನೆಯದು ಪಾಸೆ ಕೊಂಪೊಸೆ, ಹತ್ತು ಎಂದು ಎಣಿಸಿದ್ದಾಯಿತಲ್ಲ. ಆದರೆ 'ಗೊತ್ತಿತ್ತು', 'ಗೊತ್ತಾಯಿತು' ಎಂಬ ಜೋಡಿ ನಮ್ಮನ್ನು ಮತ್ತೆ ದಡ ಸೇರಿಸುತ್ತದೆ. ಗೊತ್ತಿತ್ತು ಅಂದರೆ ಆ್ಯಂಪಾರ್ಫೆ, ಗೊತ್ತಾಯಿತು ಅಂದರೆ ಪಾಸೆ ಕೊಂಪೊಸೆ.

ಫ್ರೆಂಚ್ ಕಲಿಸುವ ಕನ್ನಡದ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ನನ್ನದೊಂದು ಕೋರಿಕೆ. ಆ್ಯಂಪಾರ್ಫೆಯ ಪಾಠ ಬಂದ ದಿನ ಇಂಗ್ಲಿಷ್ ಗೈಡನ್ನು ಬದಿಗಿಡಿ. ಹುಡುಗರಿಂದ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಸಿ. 'ಉತ್ತಿದ್ದ' ಬಂದರೆ ಮುಂದೆ ಹೋಗಲಿ. 'ಇದ್ದ', 'ಇತ್ತು' ಬಂದರೆ ಎಷ್ಟು ವರ್ಷ, ಎಷ್ಟು ದಿನ ಎಂದು ಎಣಿಸಿದ್ದಾರೆಯೇ ನೋಡಲಿ. 'ಅಂದ' ಬಂದರೆ ಎಚ್ಚರವಾಗಲಿ. 'ಏನ್ ಬೇಕಿತ್ತು?' ಎಂಬುದನ್ನು ಒಂದು ಉದಾಹರಣೆಯಾಗಿ ಬೋರ್ಡಿನ ಮೇಲೆ ಬರೆಯಿರಿ. ಬೇರೆ ಪಾಠಗಳು ಹೇಗಾದರೂ ನಡೆಯಲಿ, ಈ ಒಂದನ್ನು ಕನ್ನಡದಲ್ಲಿ ಮಾಡಿ ನೋಡಿ.